ಲಾರಿ ಓರಗೆಯ ಕ್ಲೀನರ್

ಜುಲೈ 12, ಶುಕ್ರವಾರ. ಸಂಜೆ

ಮೊಣಕಾಲಿಗೆ ಎಣ್ಣೆ ತಿಕ್ಕಿ ಕೂತಿದ್ದೇನೆ. ಐದನೇ ಕ್ಲಾಸಿನ ರಿಪೋರ್ಟ್ ಕಾರ್ಡ್ ಅರ್ಧ ಬಾಕಿ. ಕರೆಂಟು ಇಲ್ಲ. ಒಳಗೆ ನನ್ನ ಹೆಂಡತಿ ರೆಜಿನಾ ಗೆಣಸು ಕುಟ್ಟುತ್ತಿದ್ದಾಳೆ. ಹಳೇ ಗೆಣಸು, ಮುದ್ದೆ ಕೂಡಿಕೊಳ್ಳುವುದಿಲ್ಲ ಅಂತ ಗೊಣಗಾಟ. ಹಬ್ಬ ಆಗುವ ತನಕ ಹೊಸದನ್ನು ಮುಟ್ಟುವಂತಿಲ್ಲವಲ್ಲ. ನಾನೇನು ಮಾಡಲಿ.

ಇವತ್ತು ಸ್ಕೂಲಿಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಹೊಸಬರು. ಮಿಸ್ಟರ್ ಎಫಿಯೊಂ, ಕ್ಯಾಲಬಾರ್ ಪಟ್ಟಣದವರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕಕ್ಕಸಿನ ಮುರಿದ ಬಾಗಿಲು ಕಣ್ಣಿಗೆ ಬೀಳಲಿಲ್ಲ, ಗೋಡೆಗೆ ಅಂಟಿಸಿದ, ಮಕ್ಕಳು ಬರೆದ ಚಿತ್ರ ಬಿತ್ತು. ಅದರ ಮುಂದೆಯೇ ನಿಂತುಬಿಟ್ಟರು.

"ಏನಿದು ಮೇಷ್ಟ್ರೆ? ಇಷ್ಟು ಜನ ಸೇರಿ ಒಂದು ಲಾರಿ?"

"ಓರಗೆ ಕುಣಿತ ಸರ್. ನಮ್ಮಲ್ಲಿ ಒಟ್ಟಿಗೆ ಹುಟ್ಟಿದವರು ಒಟ್ಟಿಗೇ ಕುಣಿಯೋದು. ಒಂದೊಂದು ಓರಗೆಗೂ ಒಂದು ಹೆಸರು, ಒಂದು ಆಟ. ಇವರು ಹುಟ್ಟಿದ ವರ್ಷ ಊರಿಗೆ ಮೊದಲನೇ ಲಾರಿ ಬಂತು. ಅದಕ್ಕೆ ಇವರು ಲಾರಿ ಓರಗೆ."

"ಭೇಷ್. ಯಾವ ವರ್ಷ?"

"ಐವತ್ತಮೂರು ಸರ್."

"ಹಾಗಾದ್ರೆ ಎಲ್ರಿಗೂ ಈಗ ಅರವತ್ತು. ನಮ್ಮ ಕಡೆ ಜನಕ್ಕೆ ನಿಮ್ಮ ಮುಖವಾಡದ ಕುಣಿತ ಗೊತ್ತು, ಇದು ಗೊತ್ತಿಲ್ಲ. ನಿಮ್ಮದು ಯಾವ ಓರಗೆ ಮೇಷ್ಟ್ರೆ?"

ಲಾರಿ ಅನ್ನುವುದು ಬಾಯಿಗೇ ಬಂದಿತ್ತು. ಹಲ್ಲು ಕಚ್ಚಿ ತಡೆದೆ. ಸಾಹೇಬರ ಕಂಕುಳಲ್ಲಿ ಸ್ಟಾಫಿನ ಫೈಲು. ಅದರಲ್ಲಿ ನಾನು ಹುಟ್ಟಿದ್ದು ಅರವತ್ತನೇ ಇಸವಿಯಲ್ಲಿ.

"ಇಂಡಿಪೆಂಡೆನ್ಸ್, ಸರ್. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದವರು."

ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ನಾನೂ ಅರವತ್ತೇ. ಅಂದ್ರೆ ನಾವಿಬ್ರೂ ಒಂದೇ ಓರಗೆ. ಹೊಸ ಗೆಣಸಿನ ಹಬ್ಬಕ್ಕೆ ಬಂದೇ ಬರ್ತೀನಿ. ನೀವು ಕುಣಿಯೋದನ್ನ ನೋಡಬೇಕು."

ಬನ್ನಿ ಸರ್ ಅಂದೆ. ಇನ್ನೇನು ಅನ್ನಲಿ.

ಜುಲೈ 13, ಶನಿವಾರ

ನಿದ್ದೆ ಸರಿಯಿಲ್ಲ. ಕೋಕೋ ತೋಟಕ್ಕೆ ಹೋದೆ, ಸುಮ್ಮನೆ ನಿಂತು ಬಂದೆ.

ವಯಸ್ಸಿನ ವಿಷಯ ಊರಿಗೆ ಹೊಸದಲ್ಲ. ಟ್ರೈನಿಂಗ್ ಕಾಲೇಜಿಗೆ ಸೇರುವಾಗ ವಯಸ್ಸು ಮೀರಿತ್ತು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಏಳು ವರ್ಷ ಇಳಿಸಿಕೊಂಡೆ. ಆಗ ಓದಿದವರಲ್ಲಿ ಎಷ್ಟೋ ಜನ ಮಾಡಿದ ಕೆಲಸವೇ. ಊರಿನವರು ನಕ್ಕು ಬಿಟ್ಟರು. ಅದು ಆಫೀಸಿನ ವಯಸ್ಸು ಅನ್ನುತ್ತಾರೆ. ಆಫೀಸಿನ ಷೂ ಇದ್ದ ಹಾಗೆ, ಮನೆಗೆ ಬಂದು ಬಿಚ್ಚಿಡುವುದು. ನನ್ನ ತಮ್ಮ ಓಜೊರ್ ನಿಜಕ್ಕೂ ಅರವತ್ತನೇ ಇಸವಿಯವನು. ಕಾಗದದ ಪ್ರಕಾರ ಅವ್ವ ನಾಲ್ಕು ತಿಂಗಳ ಅಂತರದಲ್ಲಿ ನಮ್ಮಿಬ್ಬರನ್ನೂ ಹೆತ್ತಿದ್ದಾಳೆ. ಪಾಪ.

ಆದರೆ ಆಫೀಸಿನ ವಯಸ್ಸನ್ನು ಕುಣಿಯುವ ಬಯಲಿಗೆ ತಂದವರು ಯಾರೂ ಇಲ್ಲ. ನಾನೇ ಮೊದಲು.

ಅದೂ ಈ ವರ್ಷವೇ ಆಗಬೇಕೆ. ಅರವತ್ತು ತುಂಬಿತಲ್ಲ, ಈ ಸಲ ಲಾರಿಯ ಕಡೆಯ ಕುಣಿತ. ಕುಣಿಯುತ್ತ ಬಯಲಿನ ಏರು ಹತ್ತಿ ಮುಗಿದ ಮೇಲೆ ಒಬ್ಬೊಬ್ಬರ ಹೆಸರು, ಹುಟ್ಟಿದ ವರ್ಷ ಮೈಕಿನಲ್ಲಿ ಕೂಗಿ, ಬಿಳಿ ಟೋಪಿ ಇಟ್ಟು, ಹಿರಿಯರ ಕಲ್ಲಿನ ಮೇಲೆ ಕೂರಿಸುತ್ತಾರೆ. ಎದುರಿಗೆ ಫೈಲಿನ ಸಾಹೇಬರು ಕೂತಿರುತ್ತಾರೆ. ಸಿಕ್ಕಿಬಿದ್ದರೆ ಕೆಲಸ ಹೋಯಿತು, ಪೆನ್ಷನ್ನೂ ಹೋಯಿತು. ಚಿಕ್ಕ ಮಗಳ ಓದು ಮುಗಿದಿಲ್ಲ. ಇದೆಲ್ಲ ನಿಜವೇ. ಆದರೆ ಇಲ್ಲಿ ಯಾರೂ ಓದುವವರಿಲ್ಲ, ಬರೆಯುತ್ತೇನೆ: ಇನ್ನೂ ದೊಡ್ಡ ಹೆದರಿಕೆ ಬೇರೆ. ಹೆಡ್‌ಮಾಸ್ಟರ್ ಅನ್ನುವುದನ್ನು ಕಳಚಿದರೆ ಉಳಿಯುವುದು ಮೊಣಕಾಲು ನೋವಿನ ಒಬ್ಬ ಮುದುಕ.

ಜುಲೈ 21, ಭಾನುವಾರ

ಚರ್ಚಿನಿಂದ ಬಂದಾಗ ಅವ್ವ ಜಗಲಿಯಲ್ಲಿ ಕೋಲು ತೊಡೆಯ ಮೇಲಿಟ್ಟುಕೊಂಡು ಅಕ್ಕಪಕ್ಕದ ಮಕ್ಕಳಿಗೆ ಮತ್ತೆ ಅದೇ ಕತೆ ಹೇಳುತ್ತಿದ್ದಳು. ಹಬ್ಬ ಹತ್ತಿರ ಬಂದರೆ ಶುರು. ತುಂಬಿದ ಬಸುರಿ ಹೊಟ್ಟೆ ಹೊತ್ತು ತೋಟದಿಂದ ಬರುತ್ತಿದ್ದಾಗ ಲಾರಿ ಸದ್ದು ಕೇಳಿ ಊರೆಲ್ಲ ಕಾಡಿಗೆ ಓಡಿದ್ದು. ಅವಳಿಗೆ ಓಡಲಾಗದೆ ಏರಿನ ಕೆಳಗೆ ಕೂತದ್ದು. ಅಲ್ಲೇ ನೋವು ಬಂದದ್ದು. ಲಾರಿ ಅರ್ಧ ಏರಿ, ಕೆಮ್ಮಿ, ನಿಂತು, ಹಿಂದಕ್ಕೆ ಜಾರಿದ್ದು. ಸೀದಾ ಅವಳ ಕಡೆಗೆ.

"ಆಮೇಲೆ ಅಜ್ಜಿ?"

"ಆಮೇಲೇನು. ಕ್ಲೀನರ್ ಹಾರಿ ಬಂದ, ಚಕ್ರದ ಹಿಂದೆ ಮರದ ತುಂಡು ಕೊಟ್ಟ. ನಿಂತುಬಿಡ್ತು. ಆಗ ಹುಟ್ಟಿದ್ದು ನಿಮ್ಮ ಮೇಷ್ಟ್ರು."

ಲಾರಿಯವನು ಆ ತುಂಡನ್ನು ಅವ್ವನಿಗೇ ಬಿಟ್ಟುಹೋದ. ನನ್ನ ಮಂಚದ ಕೆಳಗೆ ಇದೆ. ಅದಕ್ಕೇ ಕುಣಿತದಲ್ಲಿ ನಾನು ಕ್ಲೀನರ್. ಲಾರಿ ಏರುತ್ತದೆ, ನಿಲ್ಲುತ್ತದೆ, ಜಾರುತ್ತದೆ. ನಾನು ಓಡಿಬಂದು ತುಂಡು ಇಡಬೇಕು. ಮತ್ತೆ ಏರುತ್ತದೆ. ಹದಿನೈದರ ವಯಸ್ಸಿನಿಂದ ಇಟ್ಟಿದ್ದೇನೆ. ಬೇರೆ ಯಾರೂ ಇಟ್ಟಿಲ್ಲ.

ಬೇರೆ ದಿನವಾಗಿದ್ದರೆ ಅವಳ ಕತೆಗೆ ಒಂದೆರಡು ತಿದ್ದುಪಡಿ ಹೇಳುತ್ತಿದ್ದೆ. ಇವತ್ತು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.

ಆಗಸ್ಟ್ 4, ಭಾನುವಾರ

ಎಟ್ಟಾನ ಅಂಗಳದಲ್ಲಿ ಲಾರಿಯವರ ಮೊದಲ ಪ್ರಾಕ್ಟೀಸು. ಎಟ್ಟಾ ಬಡಗಿ, ಕುಣಿತದಲ್ಲಿ ಡ್ರೈವರ್. ಚಿಕ್ಕಂದಿನಿಂದ ಸ್ನೇಹ. ಅವನ ಗಂಟಲು ನದಿಯ ಆಚೆ ದಡಕ್ಕೆ ಕೇಳುತ್ತದೆ. ಮೊಣಕಾಲು ಸರಿಯಿಲ್ಲ, ಈ ಸಲ ಬಿಟ್ಟುಬಿಡಿ ಅಂದೆ.

"ಲೇ ಟಾಕೊನ್, ಕ್ಲೀನರ್‌ಗೆ ಮೊಣಕಾಲು ಯಾಕೋ? ಬಗ್ಗು, ಇಡು, ಏಳು."

"ಏಳೋದೇ ಆಗಲ್ಲ."

"ನಾವು ಎಬ್ಬಿಸ್ತೀವಿ. ಸತ್ತೋರ ಜಾಗಕ್ಕೆ ಅವರ ಮಕ್ಕಳು ಬಂದು ನಿಂತಿದ್ದಾರೆ. ನೀನು ಬದುಕಿದ್ದುಕೊಂಡು ಬರಲ್ಲ ಅಂತೀಯಲ್ಲ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಎಟ್ಟಾನ ಹೆಂಡತಿ ದಾರ ತಂದು ನನ್ನ ತಲೆ ಅಳೆದಳು. ಟೋಪಿ ಹೊಲಿಯುವುದಕ್ಕೆ. ಬೇಡ ಅನ್ನಬೇಕಿತ್ತು. ತಲೆ ಬಗ್ಗಿಸಿ ಅಳತೆ ಕೊಟ್ಟು ಬಂದೆ. ಎಂಥ ಮನುಷ್ಯ ನಾನು.

ಆಗಸ್ಟ್ 10, ಶನಿವಾರ

ಸಾಹೇಬರ ಫೋನು. "ಮೇಷ್ಟ್ರೆ, ನಮ್ಮ ಓರಗೆ ಕುಣಿತ ಏನು ಅಂತ ಹೇಳಲೇ ಇಲ್ಲ ನೀವು." ನಮ್ಮ ಓರಗೆಯಂತೆ. ಬಾವುಟದ ಕುಣಿತ ಸರ್, ಹಳೆಯದನ್ನ ಇಳಿಸಿ ಹೊಸದನ್ನ ಏರಿಸೋದು ಅಂದೆ. ಅವರಿಗೆ ಖುಷಿಯೋ ಖುಷಿ. ನನ್ನನ್ನು ವಿಡಿಯೋ ಮಾಡಿಕೊಳ್ಳುತ್ತಾರಂತೆ.

ಇನ್ನು ಕುಣಿಯದೆ ಬೇರೆ ದಾರಿ ಇಲ್ಲ. ನಾಳೆ ಓಜೊರ್ ಹತ್ತಿರ ಹೋಗಬೇಕು. ಇಂಡಿಪೆಂಡೆನ್ಸ್ ಓರಗೆಗೆ ಅವನೇ ಯಜಮಾನ.

ಆಗಸ್ಟ್ 11, ಭಾನುವಾರ

ಓಜೊರ್ ಬೈಕಿನ ಚೈನಿಗೆ ಎಣ್ಣೆ ಹಾಕುತ್ತಿದ್ದ. ಹೇಳಿದೆ. ಒಂದು ವರ್ಷದ ಮಟ್ಟಿಗೆ, ನಿಮ್ಮ ಸಾಲಿನ ಕೊನೆಯಲ್ಲಿ ನಿಂತಿರುತ್ತೇನೆ. ಮೊದಲು ತಮಾಷೆ ಅಂದುಕೊಂಡ. ಆಮೇಲೆ ಎಣ್ಣೆ ಡಬ್ಬಿ ಕೆಳಗಿಟ್ಟ.

"ಅಣ್ಣಾ, ನಂಗೆ ತಮ್ಮಂದಿರು ಬೇಕಾದಷ್ಟಿದ್ದಾರೆ. ಇರೋನು ಒಬ್ಬನೇ ಅಣ್ಣ."

"ಕೆಲಸದ ವಿಷಯ ಕಣೋ."

"ಕೆಲಸಕ್ಕೆ ನೀನು ಏನು ಬೇಕಾದ್ರೂ ಹೇಳ್ಕೋ, ಯಾರು ಬೇಡ ಅಂದ್ರು? ಬಯಲಲ್ಲಿ ಹೇಳಬೇಡ. ಲಾರಿಯವರು ಏನು ಮಾಡ್ಬೇಕು?"

"ಬೇರೆ ಯಾರನ್ನಾದ್ರೂ ಹಾಕ್ಕೋತಾರೆ."

ಹಾಕಿಕೊಳ್ಳುವಂತಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಸತ್ತವನ ಜಾಗಕ್ಕೆ ಮಗ ನಿಲ್ಲಬಹುದು. ಬದುಕಿರುವವನ ಜಾಗಕ್ಕೆ ಯಾರೂ ನಿಲ್ಲುವಂತಿಲ್ಲ. ಇದನ್ನು ಪ್ರತಿ ವರ್ಷ ಮೊದಲನೇ ಟರ್ಮಿನಲ್ಲಿ ಮಕ್ಕಳಿಗೆ ಪಾಠ ಮಾಡುವವನು ನಾನೇ. ನಿನ್ನ ಓರಗೆ ಯಾವುದು ಹೇಳು, ನೀನು ಯಾರು ಅಂತ ನಾನು ಹೇಳುತ್ತೇನೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ. ನಾವು ಎಜಾಘಾಂ ಜನ ಅಂದರೆ ಇದೇ ಅಂತ ಕೈ ಬೀಸಿ ಹೇಳುತ್ತೇನೆ.

ಓಜೊರ್ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಕೊನೆಗೆ, "ನಮ್ಮವರನ್ನ ಕೇಳ್ತೀನಿ. ಆದ್ರೆ ಒಂದು. ಓರಗೆಗೆ ಕೊನೆಗೆ ಬಂದೋನೇ ಕೊನೇ ಮಗು. ಬಯಲು ಗುಡಿಸಬೇಕು, ಎಲ್ಲರಿಗೂ ಹೆಂಡ ಸುರೀಬೇಕು. ಹೆಡ್‌ಮೇಷ್ಟ್ರಿಗೆ ಅಂತ ಬೇರೆ ಕಾನೂನಿಲ್ಲ."

ಆಗಲಿ ಅಂದೆ. ಅವನು ಬೇಡ ಅನ್ನಲಿ ಅಂತ ಒಳಗೊಳಗೇ ಕಾಯುತ್ತಿದ್ದೆನೋ ಏನೋ.

ಆಗಸ್ಟ್ 18, ಭಾನುವಾರ

ಗುಡಿಸಿದೆ. ಸುರಿದೆ. ಚಿಕ್ಕಂದಿನಲ್ಲಿ ಓಜೊರ್ ಜೊತೆ ನಮ್ಮ ಜಗಲಿಯಲ್ಲಿ ಕೂತು ನನ್ನ ಕೈಯಲ್ಲಿ ಪೆಟ್ಟು ತಿಂದು ಮಗ್ಗಿ ಕಲಿತವನೊಬ್ಬ ಲೋಟ ಮುಂದೆ ಚಾಚಿ, "ತುಂಬ ಹಾಕು ಮರಿ" ಅಂದ. ಉಳಿದವರು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ನಕ್ಕಿದ್ದರೆ ಬೈಯಬಹುದಿತ್ತು.

ಬಾವುಟದ ಕುಣಿತ ಸುಲಭ. ಎಡಗಾಲು, ಬಲಗಾಲು, ಸೆಲ್ಯೂಟು. ಆದರೂ ತಪ್ಪಿದೆ. ಎಲ್ಲರೂ ಮುಂದಕ್ಕೆ ಹೋಗುವಾಗ ನಾನು ಹಿಂದಕ್ಕೆ ಓಡಿ ಬಗ್ಗಿದೆ. ಅಷ್ಟು ವರ್ಷದ ಅಭ್ಯಾಸ, ಕಾಲಿಗೆ ಆಫೀಸಿನ ವಯಸ್ಸು ಗೊತ್ತಿಲ್ಲ.

ತಲೆ ಎತ್ತಿದಾಗ ಬಯಲಿನ ಆಚೆ ಎಟ್ಟಾ ನಿಂತಿದ್ದ. ಹೆಗಲ ಮೇಲೆ ಹಲಗೆ. ಬೈಯುತ್ತಾನೆ ಅಂದುಕೊಂಡೆ. ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ, "ತಮ್ಮಾ, ದೊಡ್ಡವರು ನಿಂತಿದ್ದೀವಿ, ಒಂದು ಲೋಟ ಕೊಡಲ್ವಾ?" ಅಂದ.

ಕೊಟ್ಟೆ. ಎರಡೂ ಕೈಯಲ್ಲಿ ಕೊಡಬೇಕು ದೊಡ್ಡವರಿಗೆ. ಎರಡೂ ಕೈಯಲ್ಲಿ ಕೊಟ್ಟೆ. ಅವನು ಕುಡಿಯಲಿಲ್ಲ. ನೆಲಕ್ಕೆ ಸುರಿದು, ಲೋಟ ನನ್ನ ಕೈಗೇ ಇಟ್ಟು ಹೋದ. ಸತ್ತವರಿಗೆ ಸುರಿಯುವ ಹಾಗೆ.

ಆಗಸ್ಟ್ 24, ಶನಿವಾರ

ಅವ್ವನಿಗೆ ಗೊತ್ತಾಗಿದೆ. ಯಾರು ಹೇಳಿದರೋ. ಊಟಕ್ಕೆ ಕೂತಾಗ ಕಾಡುಮಾವಿನ ಬೀಜದ ಸಾರಿಗೆ ಕೈ ಹಾಕಿದವಳು ಹಾಗೇ ನಿಲ್ಲಿಸಿ ಕೇಳಿದಳು.

"ನಾನು ನಿನ್ನನ್ನ ಯಾವಾಗ ಹೆತ್ತೆ?"

"ಅವ್ವಾ, ಅದು ಆಫೀಸಿಗೆ..."

"ಆಫೀಸು ಕೇಳಿಲ್ಲ. ನಾನು ಕೇಳ್ತಿದೀನಿ."

ರೆಜಿನಾ ನೀರು ಇಡುತ್ತ, ಯಾರಿಗೂ ಅಲ್ಲ ಅನ್ನುವಂತೆ, "ನಾನು ಮದುವೆ ಆಗಿದ್ದು ಲಾರಿಯವನನ್ನ. ಈ ಚಿಕ್ಕ ಹುಡುಗ ಯಾರೋ ನಂಗೆ ಗೊತ್ತಿಲ್ಲ" ಅಂದಳು.

ಅವ್ವ ನಗಲಿಲ್ಲ. ಕೈ ತೊಳೆದು ಎದ್ದಳು. ಎಂಬತ್ತು ದಾಟಿದವಳು. ಅವಳಲ್ಲಿ ಇರುವ ಒಂದೇ ಒಂದು ಕತೆ ಅದು. ಅದನ್ನು ನಾನು ಸುಳ್ಳು ಮಾಡಿದೆ.

ಆಗಸ್ಟ್ 31, ಶನಿವಾರ. ಬೆಳಿಗ್ಗೆ

ಹಬ್ಬ. ಬಯಲು ಗುಡಿಸಿ ಬಂದೆ. ಸಾಹೇಬರ ಜೀಪು ಬಂದಾಗಿದೆ. ಇವತ್ತು ಒಂದು ದಿನ ಕಳೆದರೆ ಸಾಕು ದೇವರೇ.

ಸೆಪ್ಟೆಂಬರ್ 1, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮುಖ ಎತ್ತಿಕೊಂಡು ಯಾರ ಎದುರು ಹೋಗಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಾಹೇಬರು ಇಂಡಿಪೆಂಡೆನ್ಸಿನವರ ಜೊತೆಯೇ ಕೂರುತ್ತೇನೆ ಅಂದರು. ಅವರ ಓರಗೆಯಲ್ಲವೇ. ಓಜೊರ್ ಅತಿಥಿ ಮರ್ಯಾದೆಯ ಕೋಲಾ ಕಾಯಿ ಒಡೆದು ಕೊಟ್ಟ. ನಾನು ಟ್ರೇ ಹಿಡಿದು ಹೆಂಡ ಸುರಿಯುತ್ತಿದ್ದೆ. ಸಾಹೇಬರಿಗೆ ಕಸಿವಿಸಿ.

"ಹೆಡ್‌ಮಾಸ್ಟರ್ ಕೈಲಿ ಯಾಕ್ರಿ ಸುರಿಸ್ತೀರಾ?"

"ನಮ್ಮಲ್ಲಿ ಕೊನೆಯವನೇ ಸುರೀಬೇಕು ಸರ್," ಅಂದ ಓಜೊರ್.

"ನಿಮಗಿಂತ ಚಿಕ್ಕವರಾ ಇವರು? ನೋಡಿದ್ರೆ ಹಾಗೆ ಕಾಣಲ್ಲ."

ಓಜೊರ್ ನನ್ನ ಮುಖ ನೋಡಿದ. ಒಂದು ಮಾತು ಹೇಳಿದ್ದರೆ ನಾನು ಮುಗಿದಿದ್ದೆ. ಸುತ್ತ ಕೂತಿದ್ದವರೆಲ್ಲರಿಗೂ ಅದು ಗೊತ್ತು. ಓಜೊರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ಹೌದು ಸರ್. ನನ್ನ ತಮ್ಮ," ಅಂದ. ಸಾಲಿನಲ್ಲಿ ಒಬ್ಬರೂ ನಗಲಿಲ್ಲ. ನಾನು ತಲೆ ಆಡಿಸಿದೆ. ಎತ್ತಿ ಆಡಿಸಿ ಬೆಳೆಸಿದ ತಮ್ಮ, ನನಗೋಸ್ಕರ ಸುಳ್ಳು ಹೇಳಿದ. ನಾನು ಅವನ ಲೋಟಕ್ಕೆ ಹೆಂಡ ಸುರಿದೆ.

ನಮ್ಮ ಬಾವುಟದ ಕುಣಿತ ಆಯಿತು. ನನ್ನದು ಹೇಗಿತ್ತೋ ದೇವರಿಗೇ ಗೊತ್ತು. ಸಾಹೇಬರು ಚಪ್ಪಾಳೆ ಹೊಡೆದರು.

ಆಮೇಲೆ ಲಾರಿ.

ಬಯಲಿನ ಕೆಳತುದಿಯಲ್ಲಿ ಹಾರ್ನ್. ಊದುವ ಜಿಂಕೆ ಕೊಂಬು. ಆ ಸದ್ದು ಕೇಳಿದರೆ ನನ್ನ ಕಾಲು ತಾನಾಗಿ ಏಳುತ್ತದೆ. ಟ್ರೇ ಗಟ್ಟಿಯಾಗಿ ಹಿಡಿದುಕೊಂಡೆ. ಮುಂದೆ ಎಟ್ಟಾ, ಕೈಯಲ್ಲಿ ಸ್ಟಿಯರಿಂಗು. ಹಿಂದೆ ಎರಡು ಸಾಲು, ಮುದುಕರು, ಸತ್ತವರ ಮಕ್ಕಳಿಬ್ಬರು. ಹಿಂಬದಿಯ ಎಡಮೂಲೆ ಖಾಲಿ. ಖಾಲಿ ಬಿಟ್ಟುಕೊಂಡೇ ಕುಣಿಯುತ್ತ ಬಂದರು. ಅಷ್ಟಗಲ ಜಾಗ, ನನ್ನ ಮೈಯಗಲ.

ಅರ್ಧ ಏರು. ನಗಾರಿ ನಿಧಾನವಾಯಿತು, ಲಾರಿ ಕೆಮ್ಮಿತು, ನಿಂತಿತು. ಎಟ್ಟಾ ಕೂಗಿದ: "ಕ್ಲೀನರ್." ಯಾವತ್ತೂ ಕೂಗುವ ಹಾಗೇ ಕೂಗಿದ. ಯಾರೂ ಬರಲಿಲ್ಲ. ಲಾರಿ ಹಿಂದಕ್ಕೆ ಜಾರಿತು. ಮತ್ತೆ ಕೂಗಿದ. ಜನ ನನ್ನ ಕಡೆ ನೋಡಬಾರದು ಅಂತ ನೆಲ ನೋಡುತ್ತಿದ್ದರು. ಇಡೀ ಊರು ನನಗೋಸ್ಕರ ನೆಲ ನೋಡುತ್ತಿತ್ತು.

"ಯಾಕೆ, ಏನೋ ತಪ್ಪಾಯ್ತಾ?" ಅಂತ ಸಾಹೇಬರು ಕೇಳಿದರು. ಕುಣಿತವೇ ಹಾಗೆ ಸರ್ ಅಂದೆ.

ಆಗ ಅವ್ವ ಎದ್ದಳು. ಹೆಂಗಸರ ಕಡೆಯಿಂದ, ಒಬ್ಬಳೇ, ಕೋಲೂರಿಕೊಂಡು. ಗಂಡಸರ ಕುಣಿತಕ್ಕೆ ಹೆಂಗಸು ಕಾಲಿಡುವಂತಿಲ್ಲ. ಯಾರೂ ತಡೆಯಲಿಲ್ಲ. ಜಾರಿ ಬರುತ್ತಿದ್ದ ಲಾರಿಯ ಹಿಂದೆ ಹೋಗಿ, ಬಗ್ಗಿ, ತನ್ನ ಕೋಲನ್ನು ಅಡ್ಡ ಇಟ್ಟಳು. ಲಾರಿ ನಿಂತಿತು. ನೆಟ್ಟಗಾದಳು. ಊರಿಕೊಳ್ಳಲು ಕೋಲಿರಲಿಲ್ಲ. ಗಾಳಿಗೆ ತೂಗಾಡುತ್ತ ನಿಂತಳು.

ಓಜೊರ್ ಓಡಿದ. ನಾನು ಟ್ರೇ ಹಿಡಿದು ನಿಂತೇ ಇದ್ದೆ.

"ಎಂಥ ಅಜ್ಜಿ," ಸಾಹೇಬರ ಕಣ್ಣು ಒದ್ದೆಯಾಗಿತ್ತು. "ಯಾರು ಮೇಷ್ಟ್ರೆ ಅದು?"

"ಊರಿನ ಒಬ್ಬ ಅಜ್ಜಿ, ಸರ್."

ಹೀಗಂದೆ. ನಾನೇ ಅಂದದ್ದು. ಯಾರೂ ಒತ್ತಾಯ ಮಾಡಲಿಲ್ಲ. ಅವ್ವ ಅಂತ ಹೇಳಿದ್ದರೂ ನಷ್ಟವೇನೂ ಇರಲಿಲ್ಲ, ಓಜೊರನಿಗೂ ಅವಳೇ ಅವ್ವ ತಾನೇ, ಫೈಲಿನಲ್ಲಿ ಅವಳಿಗೆ ವಯಸ್ಸಿಲ್ಲ. ಸುಳ್ಳು ಬೇಕಾಗಿಲ್ಲದ ಕಡೆಯೂ ಬಾಯಿಗೆ ಸುಳ್ಳೇ ಬಂತು. ನಾಚಿಕೆ ಅನ್ನುವುದು ಇಷ್ಟು ದಿನ ಏನು ಅಂದುಕೊಂಡಿದ್ದೆನೋ ಅದಲ್ಲ. ಆ ಟ್ರೇ ಇನ್ನೂ ಕೈಯಲ್ಲೇ ಇದ್ದ ಹಾಗಿದೆ, ನಿನ್ನೆಯಿಂದ.

ಹಿರಿಯರು ಸೇರಿ ಮಾತಾಡಿಕೊಂಡರು. ಊರ ಯಜಮಾನ ನ್ಟುಫಾಮ್ ಎದ್ದು ಹೇಳಿದ: ಲಾರಿ ಏರು ಹತ್ತಲಿಲ್ಲ. ಅಡ್ಡ ಇಟ್ಟಿದ್ದು ಓರಗೆಯವನ ಕೈ ಅಲ್ಲ.

"ಅವನು ಹುಟ್ಟುವಾಗ ನಾನೂ ಅಲ್ಲೇ ಇದ್ದೆ," ಅಂದಳಂತೆ ಅವ್ವ, ನಾನಿದ್ದ ಕಡೆಗೆ ಕೇಳಿಸಲಿಲ್ಲ. "ನಾನೂ ಲಾರಿನೇ."

ನಕ್ಕರಂತೆ. ಆದರೆ ಟೋಪಿ ಕೊಡಲಿಲ್ಲ. ಯಾರಿಗೂ ಕೊಡಲಿಲ್ಲ. ಎಟ್ಟಾನಿಗೂ ಇಲ್ಲ. ಹೊಲಿದ ಟೋಪಿಗಳು ಬುಟ್ಟಿಯಲ್ಲೇ ವಾಪಸು ಹೋದವು.

ಸೆಪ್ಟೆಂಬರ್ 5, ಗುರುವಾರ

ಕೋಲು ಅಲ್ಲೇ ಬಿದ್ದಿದೆ. ಬಯಲಿನ ಮಧ್ಯೆ. ಲಾರಿ ಏರು ಮುಗಿಸುವ ತನಕ ಚಕ್ರದ ಹಿಂದೆ ಇಟ್ಟಿದ್ದನ್ನು ತೆಗೆಯುವಂತಿಲ್ಲ. ಫುಟ್‌ಬಾಲ್ ಆಡುವ ಮಕ್ಕಳು ಅದಕ್ಕೆ ತಾಗದ ಹಾಗೆ ಸುತ್ತು ಹಾಕಿ ಆಡುತ್ತಾರೆ. ಆಡುಗಳನ್ನು ಓಡಿಸುತ್ತಾರೆ.

ಅವ್ವ ಗೋಡೆ ಹಿಡಿದು ಓಡಾಡುತ್ತಿದ್ದಾಳೆ. ಬೇರೆ ಕೋಲು ಕಡಿದು ತಂದೆ. ನೋಡಲೂ ಇಲ್ಲ. ಕಕ್ಕಸಿಗೆ ಹೋಗುವಾಗ ರೆಜಿನಾ ಹೆಗಲು ಕೊಡುತ್ತಾಳೆ. ನನ್ನ ಹೆಗಲು ಬೇಡವಂತೆ. ಬಾಯಿಬಿಟ್ಟು ಹೇಳಿಲ್ಲ. ಹತ್ತಿರ ಹೋದರೆ ಗೋಡೆಯ ಕಡೆ ತಿರುಗುತ್ತಾಳೆ.

ಮಧ್ಯಾಹ್ನ ಎಟ್ಟಾ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

"ಶನಿವಾರ ಹಬ್ಬ ಮುಗಿಸೋ ದಿನ. ಹಿರಿಯರು ಇನ್ನೊಂದು ಸಲ ಏರೋಕೆ ಬಿಟ್ಟಿದ್ದಾರೆ. ಅವತ್ತೂ ಆಗದೇ ಇದ್ರೆ ನಮಗೆ ಕಲ್ಲಿಲ್ಲ, ಟೋಪಿ ಇಲ್ಲ. ಸಾಯೋ ತನಕ ಏರಿನ ಕೆಳಗೇ ಇರ್ತೀವಿ."

"ಎಟ್ಟಾ, ನಂದು ತಪ್ಪಾಯ್ತು..."

"ತಪ್ಪು ಗಿಪ್ಪು ನಾನು ಕೇಳ್ಲಿಲ್ಲ. ಒಂದೇ ಒಂದು ಹೇಳು. ನೀನು ಸತ್ತಿದ್ದೀಯ ಅಂದ್ರೆ ನಿನ್ನ ಜಾಗಕ್ಕೆ ಯಾರನ್ನಾದ್ರೂ ನಿಲ್ಲಿಸ್ತೀವಿ. ಗಂಡು ಮಗ ಇಲ್ಲದಿದ್ರೆ ಅಳಿಯನ್ನ ಕೇಳ್ತೀವಿ. ಬದುಕಿದ್ದೀಯ ಅಂದ್ರೆ ಬಾ. ಯಾವುದು?"

"ಅವತ್ತು ಸಾಹೇಬರು ಮತ್ತೆ ಬರ್ತಾರೆ ಕಣೋ. ಮೊನ್ನೆ ಟೋಪಿ ಇಡೋದನ್ನ ನೋಡೋಕಾಗ್ಲಿಲ್ಲ ಅಂತ ಫೋನು ಮಾಡಿದ್ರು."

ಎಟ್ಟಾ ನನ್ನ ಮುಖವನ್ನೇ ನೋಡಿದ. ಕೋಪ ಇರಲಿಲ್ಲ. ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ಅಂತ ಬಡಗಿ ನೋಡುವ ಹಾಗೆ ನೋಡಿದ. "ನಾನು ಸತ್ತರೆ ಗುಂಡಿ ತೋಡೋರು ಲಾರಿಯವರು," ಅಂದ. "ನಿನಗೆ ಯಾರು ತೋಡ್ತಾರೆ, ಆ ಸಾಹೇಬರಾ?"

ಹೊರಟುಹೋದ. ಅವನು ತಿರುವಿನ ತನಕ ನಿಧಾನಕ್ಕೆ ನಡೆದ, ಕರೆಯುತ್ತೇನೇನೋ ಅಂತ.

ಸೆಪ್ಟೆಂಬರ್ 7, ಶನಿವಾರ

ಬೆಳಿಗ್ಗೆ ಓಜೊರ್ ಬಂದ. ಬಯಲು ಗುಡಿಸುವುದಕ್ಕೆ ಹೊರಟಿದ್ದೆ. ಪೊರಕೆ ಕೈಯಿಂದ ಕಿತ್ತುಕೊಂಡ. "ಬೇಡಣ್ಣ, ನಾನೇ ಗುಡಿಸ್ತೀನಿ," ಅಂದ. ಅಣ್ಣ ಅಂದ.

ಮಂಚದ ಕೆಳಗಿಂದ ಮರದ ತುಂಡು ತೆಗೆದೆ. ಗೆದ್ದಲು ಹತ್ತಿಲ್ಲ. ಒಂದು ಬದಿ ಸವೆದಿದೆ. ಅದು ನಾನು ಹಿಡಿಯುವ ಬದಿ. ಒರೆಸಿ ಮೇಜಿನ ಮೇಲೆ ಇಟ್ಟಿದ್ದೇನೆ, ಈ ಪುಸ್ತಕದ ಪಕ್ಕ.

ಅವ್ವ ಗೋಡೆ ಹಿಡಿದು ಬಂದಳು, ತುಂಡನ್ನು ಮುಟ್ಟಿದಳು. ಈ ವಾರದಲ್ಲಿ ಮೊದಲ ಸಲ ನನ್ನ ಹತ್ತಿರ ನಿಂತಳು, ಅಷ್ಟೆ.

ಸಂಜೆ ನಾಲ್ಕು

ಸಾಹೇಬರ ಜೀಪು ಚಾವಡಿಯ ಮುಂದೆ ನಿಂತಿದೆ. ಕಿಟಕಿಯಿಂದ ಕಾಣುತ್ತದೆ. ಇಂಡಿಪೆಂಡೆನ್ಸಿನವರ ಮಧ್ಯೆ ಕೂತು ನನಗಾಗಿ ಆ ಕಡೆ ಈ ಕಡೆ ನೋಡುತ್ತಿದ್ದಾರೆ. ಪಕ್ಕದ ಕುರ್ಚಿ ಖಾಲಿ ಬಿಡಿಸಿದ್ದಾರೆ.

ಮೈಕಿನಲ್ಲಿ ಹೆಸರು ಕೂಗುತ್ತಾರೆ, ವರ್ಷ ಕೂಗುತ್ತಾರೆ. ಸಾಹೇಬರು ಕೇಳಿಸಿಕೊಳ್ಳುತ್ತಾರೆ. ಯಾವ ಓರಗೆ ಅಂತ ಮತ್ತೆ ಕೇಳಿದರೆ ಲಾರಿ ಅನ್ನುತ್ತೇನೆ. ಆ ಅಜ್ಜಿ ನಮ್ಮವ್ವ ಅನ್ನುತ್ತೇನೆ. ಬರೆದರೆ ಧೈರ್ಯ ಬರುತ್ತದೆ ಅಂತ ಬರೆದೆ. ಬಂದಿಲ್ಲ. ಆಫೀಸಿನ ಷೂ ಹಾಕಿಕೊಂಡಿದ್ದೆ, ಬಿಚ್ಚಿದೆ.

ಹಾರ್ನ್.

ಕೆಳತುದಿಯಿಂದ ಹೊರಟರು. ಎಟ್ಟಾನ ಗಂಟಲು ಇಲ್ಲಿಗೇ ಕೇಳುತ್ತಿದೆ. ಅರ್ಧ ಏರಿಗೆ ಬರುವ ಹೊತ್ತಾಯಿತು. ನಗಾರಿ ನಿಧಾನವಾಯಿತು.

ಅವ್ವ ಬಾಗಿಲಲ್ಲಿ. ಒಂದು ಕೈ ಗೋಡೆಗೆ.

"ಏನು ಬರೀತಾ ಕೂತಿದ್ದೀಯೋ? ಕರೀತಿದ್ದಾರೆ. ಹೋಗಿ ನನ್ನ ಕೋಲು ತಗೊಂಡು ಬಾ."

ಜಾರುತ್ತಿದೆ. ಇನ್ನೊಂದು ಸಲ ಕೂಗಿದ, ಕ್ಲೀನರ್ ಅಂತ. ಬಂದೆ ಅಂತ ಇಲ್ಲಿಂದಲೇ ಕೂಗಿಬಿಟ್ಟೆ, ಜೋರಾಗಿ, ಸಾಹೇಬರೂ ಈ ಕಡೆ ತಿರುಗಿದರು, ತುಂಡು ಎಡಗೈಯಲ್ಲಿದೆ, ನಾನು